ಮೈಕಣ್ಣನ ಅರ್ಧ ಮೀಸೆ

"ನಾನು ಕಟ್ಟಿದ ಮೈಕು ಭಾಷಣದ ಮಧ್ಯೆ ಕೈಕೊಟ್ಟರೆ, ಅವತ್ತೇ, ಅದೇ ವೇದಿಕೆ ಮೇಲೆ ಅರ್ಧ ಮೀಸೆ ಬೋಳಿಸ್ಕೋತೀನಿ!"

ಮೈಕಣ್ಣ ಈ ಮಾತನ್ನು ಇಪ್ಪತ್ತೆಂಟು ವರ್ಷಗಳಿಂದ ಹೇಳುತ್ತ ಬಂದಿದ್ದ. ಸಭೆ ಸಮಾರಂಭಗಳಿಗೆ ಧ್ವನಿವರ್ಧಕ ಕಟ್ಟುವುದು ಅವನ ಕಸುಬು. ಮೀಸೆಯೂ ಸಾಮಾನ್ಯದ್ದಲ್ಲ; ಎರಡು ತುದಿಗೆ ಎರಡು ಒದ್ದೆ ಟವೆಲು ಒಣಹಾಕಬಹುದಿತ್ತು. ಅವನ ಸ್ಪೀಕರು ಒಮ್ಮೆ ಗುಡುಗಿದರೆ ಮೂರು ಬೀದಿಯಾಚೆ ಒಲೆಯ ಮೇಲಿದ್ದ ಹಾಲು ಒಡೆಯುತ್ತಿತ್ತು. ಹುಟ್ಟುಕಿವುಡರೂ ಬಂದು "ಸ್ವಲ್ಪ ಕಮ್ಮಿ ಮಾಡಪ್ಪಾ" ಎಂದು ಕೈಮುಗಿಯುತ್ತಿದ್ದರು. ಇದರಲ್ಲಿ ಒಂದಿಷ್ಟು ನೀರು ಬೆರೆತಿರಬಹುದು. ಆದರೆ ಅವನ ಮೈಕು ಒಂದು ದಿನವೂ ಕೈಕೊಟ್ಟಿರಲಿಲ್ಲ ಎಂಬುದು ಅಪ್ಪಟ ಸತ್ಯ.

ಆ ಸತ್ಯದ ಪೂರ್ತಿ ಲಾಭ ಪಡೆದವರು ಕಾಲೇಜಿನ ಪ್ರಿನ್ಸಿಪಾಲರು. ಆಯಾ ವರ್ಷ ಪದವಿ ಮುಗಿಸಿದವರಲ್ಲಿ ಸಾಧನೆ ಮಾಡಿದವರಿಗೆ ಸನ್ಮಾನ ಎಂದು ಆಹ್ವಾನಪತ್ರಿಕೆಯಲ್ಲಿ ಅಚ್ಚಾಗುತ್ತಿತ್ತು. ನಡೆಯುತ್ತಿದ್ದದ್ದು ಮಾತ್ರ ಪ್ರಿನ್ಸಿಪಾಲರ ಭಾಷಣ. ಅವರು ಶುರುಮಾಡುವಾಗ ಮೀಸೆ ಚಿಗುರದಿದ್ದ ಹುಡುಗರು, ಮುಗಿಸುವ ಹೊತ್ತಿಗೆ ಕ್ಷೌರದಂಗಡಿ ಹುಡುಕುತ್ತಿದ್ದರು. ಮಧ್ಯಾಹ್ನ ಒಂದು ಗಂಟೆಗೆ ಸಭಾಂಗಣವನ್ನು ಪರೀಕ್ಷೆಗೆ ಬಿಟ್ಟುಕೊಡಬೇಕು. ಹಾಗಾಗಿ ಕೊನೆಗೆ ಉಳಿಯುತ್ತಿದ್ದದ್ದು ಒಂದೇ ಮಾತು: "ಸಮಯದ ಅಭಾವ. ಸಾಧಕರೆಲ್ಲ ಇದ್ದಲ್ಲೇ ಎದ್ದು ನಿಂತುಕೊಳ್ಳಿ. ಪದಕ ಆಫೀಸಲ್ಲಿ ಸಹಿ ಹಾಕಿ ತಗೊಳ್ಳಿ." ಅವರು ಪ್ರಿನ್ಸಿಪಾಲರಾದ ಆರು ವರ್ಷಗಳಲ್ಲಿ ಒಬ್ಬರನ್ನೂ ಹೆಸರು ಹಿಡಿದು ವೇದಿಕೆಗೆ ಕರೆದದ್ದಿಲ್ಲ.

ಮೈಕಣ್ಣನಿಗೆ ಇದರಿಂದ ಕೂದಲೂ ಕೊಂಕಿರಲಿಲ್ಲ, ಅವನ ಹೆಂಡತಿ ಆ ಪಟ್ಟಿಗೆ ಸೇರುವ ತನಕ.

ನಲವತ್ತೊಂದರ ವಯಸ್ಸಿನಲ್ಲಿ ಆಕೆ ಅರ್ಜಿ ಹಿಡಿದು ಹೋದಾಗ ಪ್ರಿನ್ಸಿಪಾಲರು ಕನ್ನಡಕದ ಮೇಲಿಂದ ನೋಡಿದ್ದರು. "ಮೊಮ್ಮಕ್ಕಳನ್ನ ಆಡಿಸೋ ವಯಸ್ಸಲ್ಲಿ ನಿಮಗ್ಯಾಕಮ್ಮ ಕಾಲೇಜು? ಒಂದು ತಿಂಗಳು ಬರ್ತೀರಿ, ಆಮೇಲೆ ಮಂಗಮಾಯ."

"ವಯಸ್ಸು ಎಷ್ಟು ಅಂತ ಅರ್ಜೀಲಿ ಕೇಳಿದ್ರಿ, ಬರೆದಿದೀನಿ. ಸಹಿ ಹಾಕಿ ಸಾರ್," ಎಂದಿದ್ದಳು ಆಕೆ.

ಅಂದಿನಿಂದ ಇಬ್ಬರಿಗೂ ಹಾವು ಮುಂಗುಸಿ ಸಂಬಂಧ. ಮೂರು ವರ್ಷ ಆಕೆ ಮನೆಯ ಹಜಾರದಲ್ಲಿ ಸ್ಪೀಕರ್ ಪೆಟ್ಟಿಗೆಯ ಮೇಲೆ ಕೂತು ಓದಿದಳು. ಗಂಡನ ವೈರು ಸುತ್ತಿಕೊಡುತ್ತ ಒಂದೊಂದು ಸುತ್ತಿಗೆ ಒಂದೊಂದು ಇಸವಿ ಬಾಯಿಪಾಠ ಮಾಡಿದಳು. ಇತಿಹಾಸದಲ್ಲಿ ಇಡೀ ಕಾಲೇಜಿಗೆ ಮೊದಲ ಸ್ಥಾನ ಬಂತು. "ಹುಡುಗರು ಓದೋದು ಬಿಟ್ಟಿದಾರೆ, ಅದಕ್ಕೇ ಇವರ ಪಾಲಾಯ್ತು," ಎಂದರಂತೆ ಪ್ರಿನ್ಸಿಪಾಲರು. ಆ ಮಾತು ಆಕೆಯ ಕಿವಿಗೆ ಬೀಳಲು ಯಾವ ಮೈಕೂ ಬೇಕಾಗಲಿಲ್ಲ.

ಸಮಾರಂಭದ ದಿನ ಬೆಳಿಗ್ಗೆ ಮನೆಯಲ್ಲೇ ಮೊದಲ ಕಿಡಿ ಹೊತ್ತಿತು.

"ಈ ಸಲಾನೂ ಇದ್ದಲ್ಲೇ ಎದ್ದು ನಿಂತ್ಕೊಳ್ಳಿ ಅಂತಾರೆ, ಅಲ್ವೇನ್ರೀ?"

"ಅಂದ್ರೆ ನಾನೇನು ಮಾಡ್ಲಿ? ಮೈಕು ಕಟ್ಟೋದಷ್ಟೇ ನನ್ನ ಕೆಲಸ."

"ಹೌದ್ಹೌದು. ಊರಿನ ಕತ್ತೆ ಕುದುರೆ ಹೆಸರೆಲ್ಲ ನಿಮ್ಮ ಮೈಕಲ್ಲಿ ಬಂತು. ಯಾರದೋ ಕಳೆದುಹೋದ ಛತ್ರೀನ ನಾಲ್ಕು ಸಲ ಕೂಗಿದ್ರಿ. ನಾನು ಆ ಛತ್ರಿಗಿಂತ ಕಡೆಯಾಗ್ಹೋದೆ."

"ಭಾಷಣ ನಿಲ್ಸೋಕಾಗುತ್ತೇನೇ? ನಾನು ಆಡಿರೋ ಮಾತು ಏನಾಗ್ಬೇಕು? ಮೀಸೆ ಪ್ರಶ್ನೆ ಕಣೇ!"

"ಇಟ್ಕೊಳ್ಳಿ ಆ ಮೀಸೇನ. ನಾಳೆಯಿಂದ ಅಡುಗೇನೂ ಅದೇ ಮಾಡಿ ಬಡಿಸ್ಲಿ."

ಹನ್ನೊಂದೂವರೆಗೆ ಪ್ರಿನ್ಸಿಪಾಲರು ಮೈಕು ಹಿಡಿದರು. ಕಟ್ಟಡದ ಒಂದೊಂದು ಇಟ್ಟಿಗೆಯ ಜೀವನಚರಿತ್ರೆ ಮುಗಿಯುವಾಗ ಹನ್ನೆರಡೂಕಾಲು. ಮೈಕಣ್ಣ ವೇದಿಕೆಯ ಪಕ್ಕದ ಸಂದಿಯಲ್ಲಿ ಆಂಪ್ಲಿಫೈಯರ್ ಮುಂದೆ ಸ್ಟೂಲಿನ ಮೇಲೆ ಕೂತಿದ್ದ. ಮೂರನೆಯ ಸಾಲಿನಲ್ಲಿ, ಮಕ್ಕಳ ಪ್ರಾಯದವರ ನಡುವೆ, ಹೆಂಡತಿ. ಆಕೆಯ ಕಣ್ಣು ವೇದಿಕೆಯ ಮೇಲಿರಲಿಲ್ಲ. ನೆಟ್ಟಗೆ ಇವನ ಮೇಲಿತ್ತು.

"ಸಾಧನೆ ಅಂದರೇನು?" ಎಂದರು ಪ್ರಿನ್ಸಿಪಾಲರು. "ಈಗೆಲ್ಲ ಪದಕ ಯಾರಿಗೆ ಬೇಕಾದರೂ ಬರುತ್ತೆ. ಮನೇಲಿ ಹೊತ್ತು ಹೋಗದೆ ಬಂದು ಕೂತವರಿಗೂ ಬರುತ್ತೆ!"

ಮುಂದಿನ ಸಾಲಿನ ಇಬ್ಬರು ಮೇಷ್ಟ್ರು ಕಿಸಕ್ಕೆಂದರು. ಹೆಂಡತಿ ತಲೆ ತಗ್ಗಿಸಿದಳು. ಮೂರು ವರ್ಷದಲ್ಲಿ ಆಕೆ ತಲೆ ತಗ್ಗಿಸಿದ್ದನ್ನು ಮೈಕಣ್ಣ ಪುಸ್ತಕದ ಮುಂದೆ ಬಿಟ್ಟರೆ ಬೇರೆಲ್ಲೂ ಕಂಡಿರಲಿಲ್ಲ. ಅವನ ಎಡಗೈ ಮೀಸೆಯನ್ನೊಮ್ಮೆ ಸವರಿತು. ಬಲಗೈ ಆಂಪ್ಲಿಫೈಯರಿನ ದನಿಯ ತಿರುಪನ್ನು ಎಳ್ಳುಕಾಳಿನಷ್ಟು ಕೆಳಗಿಳಿಸಿತು.

ಪ್ರಿನ್ಸಿಪಾಲರು ದನಿ ಏರಿಸಿದರು. ಇವನು ಇನ್ನೊಂದು ಎಳ್ಳು ಇಳಿಸಿದ. ಅವರು ಇನ್ನೂ ಏರಿಸಿದರು. ತಿರುಪು ಸೊನ್ನೆಗೆ ಬಂದಾಗ ಅವರ ಕತ್ತಿನ ನರಗಳು ಬಚ್ಚಲ ಕೊಳವೆಯಷ್ಟು ದಪ್ಪವಾಗಿದ್ದವು. ಕೈಸನ್ನೆ ಮಾಡಿದರು. ಮೈಕಣ್ಣ ಹೌಹಾರಿದವನಂತೆ ಎದ್ದು, ಒಂದು ವೈರು ಕಿತ್ತು ಅದೇ ತೂತಿಗೆ ಸಿಕ್ಕಿಸಿ, ಆಂಪ್ಲಿಫೈಯರಿನ ತಲೆಗೆ ಎರಡು ಬಾರಿಸಿ, ಕೈಚೆಲ್ಲಿದ. ಪ್ರಿನ್ಸಿಪಾಲರು ಎರಡು ಲೋಟ ನೀರು ಕುಡಿದು ಐದು ನಿಮಿಷ ಬರಿಗಂಟಲಲ್ಲಿ ಹೋರಾಡಿದರು. ಕೊನೆಗೆ ಎಣ್ಣೆ ಕಾಣದ ಬಾಗಿಲಿನ ಕೀಲಿನಂಥ ಒಂದು ಶಬ್ದ ಹೊರಡಿಸಿ ಕುಸಿದು ಕೂತರು. ಗಂಟೆ ಹನ್ನೆರಡು ನಲವತ್ತು.

ಇತಿಹಾಸದ ಮೇಡಂ ಪಟ್ಟಿ ಹಿಡಿದು ಓಡಿಬಂದು, ಅನುಮಾನದಿಂದಲೇ ಮೈಕನ್ನು ಬೆರಳಲ್ಲಿ ತಟ್ಟಿದರು. ಟಕ್, ಟಕ್! ಗೇಟಿನ ತನಕ ಕೇಳಿಸಿತು. ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದರು. ಆರನೆಯ ಹೆಸರು ಮೈಕಣ್ಣನ ಹೆಂಡತಿಯದು. ಆಕೆ ಒಂದು ಮೆಟ್ಟಿಲನ್ನೂ ಹಾರಿಸದೆ, ನಿಧಾನಕ್ಕೆ ಹತ್ತಿದಳು. ಪದಕ ಕೊಟ್ಟ ಪ್ರಿನ್ಸಿಪಾಲರಿಗೆ ಬೈಯಲೂ ಗಂಟಲು ಉಳಿದಿರಲಿಲ್ಲ, ಅಭಿನಂದಿಸಲೂ ಮನಸ್ಸಿರಲಿಲ್ಲ.

ಜನ ಹೊರಟ ಮೇಲೆ ಅವರು ಸಂದಿಗೆ ನುಗ್ಗಿದರು. ಕಿಸಕ್ಕೆಂದ ಇಬ್ಬರು ಮೇಷ್ಟ್ರು ಹಿಂದೆಯೇ ಬಂದರು. ಮೈಕಣ್ಣ ಮೊಣಕೈಗೆ ವೈರು ಸುತ್ತುತ್ತಿದ್ದ. ಇನ್ನೊಂದು ತುದಿ ಹೆಂಡತಿಯ ಕೈಯಲ್ಲಿತ್ತು.

"ಇಪ್ಪತ್ತೆಂಟು ವರ್ಷದ ಜಂಭ!" ಪಿಸುಗುಟ್ಟಿದರು ಪ್ರಿನ್ಸಿಪಾಲರು; ಉಳಿದದ್ದು ಅಷ್ಟೇ ದನಿ. "ಕೈಕೊಡ್ತಲ್ಲಯ್ಯಾ ನಿನ್ನ ಮೈಕು! ವೇದಿಕೆ ಹತ್ತು, ಕತ್ತರಿ ತರಿಸ್ತೀನಿ. ಮೀಸೆ ಬಿಟ್ಟು ಹೋಗು, ಇನ್ಮೇಲೆ ಈ ಗೇಟಿನೊಳಗೆ ಕಾಲಿಡಬೇಡ."

ಮೈಕಣ್ಣ ಕೊನೆಯ ಸುತ್ತು ಬಿಗಿದು, ಗಂಟು ಹಾಕಿದ.

"ಮೈಕು ಕೈಕೊಟ್ಟರೆ ಜನ ಸುಮ್ನಿರಲ್ಲ ಸಾರ್. ಹಿಂದಿನ ಸಾಲಿಂದ 'ಕೇಳಿಸ್ತಿಲ್ಲ, ಕೇಳಿಸ್ತಿಲ್ಲ' ಅಂತ ಬಾಯಿ ಬಡ್ಕೋತಾರೆ. ಇವತ್ತು ನಾನೂರು ಜನ ಇದ್ರು. ನೀವು ಮಾತಾಡುವಾಗ ಹಾಗೆ ಕೂಗಿದ ಒಬ್ಬನೇ ಒಬ್ಬನ್ನ ಕರ್ಕೊಂಡ್ಬನ್ನಿ. ಅರ್ಧ ಯಾಕೆ, ಪೂರ್ತಿ ಮೀಸೆ ನಿಮ್ಮ ಕೈಯಿಂದಲೇ ಬೋಳಿಸ್ಕೋತೀನಿ."