ಓದಿದ ಮೇಲಿನ ಸಂಬಳ

ಆಸ್ಪತ್ರೆಯ ಹೊರರೋಗಿಗಳ ವಿಭಾಗದಲ್ಲಿ ಚೀಟಿ ಕೊಡುವ ಕಿಟಕಿಯ ಹಿಂದೆ ಹತ್ತು ವರ್ಷ ಕೂತಿದ್ದರಿಂದ ಅವಳಿಗೆ ಚೀಟಿಯಕ್ಕ ಎಂಬ ಹೆಸರೇ ಅಂಟಿಕೊಂಡಿತ್ತು. ವಯಸ್ಸು ಮೂವತ್ತೆರಡು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಮಗಳು ಮೂರನೇ ತರಗತಿ, ಮನೆಯಲ್ಲಿ ಅತ್ತೆ. ಕೆಲಸ ಮಾಡುತ್ತಲೇ ಅಂಚೆ ಮೂಲಕ ಓದಿ ಪಡೆದ ಪದವಿಯ ಸರ್ಟಿಫಿಕೇಟು ಬೀರುವಿನಲ್ಲಿ ಬಟ್ಟೆಗಳ ಕೆಳಗೆ ಬಿದ್ದಿತ್ತು.

ಒಂದು ತಿಂಗಳಲ್ಲಿ ಒಬ್ಬ ಹೆಂಗಸು ಸುಟ್ಟ ಕೈ ಹಿಡಿದುಕೊಂಡು ಮೂರು ಸಲ ಕಿಟಕಿಗೆ ಬಂದಳು. ಮೂರು ಸಲವೂ "ಬಿಸಿನೀರು ಚೆಲ್ತು" ಎಂದಳು. ಮೂರನೇ ಸಲ ಚೀಟಿಯಕ್ಕ ಎದ್ದು ಬಂದು ಅವಳನ್ನು ಹನ್ನೆರಡನೇ ಕೋಣೆಗೆ ಕರೆದುಕೊಂಡು ಹೋದಳು. ಅಲ್ಲಿದ್ದವರು ಆಸ್ಪತ್ರೆಯ ಸಮಾಜ ಕಾರ್ಯಕರ್ತೆ, ಎಲ್ಲರ ಬಾಯಲ್ಲಿ ಮೇಡಂ. ಎರಡು ಗಂಟೆ ಬಾಗಿಲು ಮುಚ್ಚಿತ್ತು. ಆ ಹೆಂಗಸು ಅವತ್ತು ಗಂಡನ ಮನೆಗೆ ವಾಪಸು ಹೋಗದೆ ತಂಗಿಯ ಮನೆಗೆ ಹೋದಳು.

ಸಂಜೆ ಮೇಡಂ ಕಿಟಕಿಗೆ ಬಂದು, "ಡಾಕ್ಟರು ನೋಡಿದ್ದು ಕೈ, ನೀವು ನೋಡಿದ್ದು ಅವಳನ್ನ. ನೀವೂ ಸಮಾಜಕಾರ್ಯ ಯಾಕೆ ಓದಬಾರದು?" ಎಂದರು.

ಚೀಟಿಯಕ್ಕ ಪ್ರವೇಶ ಪರೀಕ್ಷೆ ಬರೆದಳು. ಸೀಟು ಸಿಕ್ಕಿದ ದಿನ ಖುಷಿ ಮಧ್ಯಾಹ್ನದವರೆಗೂ ಇರಲಿಲ್ಲ. ಎರಡು ವರ್ಷದ ಓದು, ಫೀಸು, ಓಡಾಟ ಎಲ್ಲಾ ಸೇರಿ ನಾಲ್ಕು ಲಕ್ಷ. ಹದಿನೈದು ದಿನದೊಳಗೆ ಮೊದಲ ಕಂತು ಕಟ್ಟಬೇಕು. ಊಟದ ಬಿಡುವಿನಲ್ಲಿ ರದ್ದಾದ ಚೀಟಿಗಳ ಹಿಂಬದಿಯಲ್ಲಿ ಲೆಕ್ಕ ಹಾಕತೊಡಗಿದಳು.

ಕೊನೆಗೆ ನಾಚಿಕೆ ಬಿಟ್ಟು ಮೇಡಂ ಹತ್ತಿರ ಹೋದಳು. "ಕೇಳಬಾರದು, ಆದ್ರೂ ಕೇಳ್ತೀನಿ. ನಿಮ್ಮ ಸಂಬಳ ಎಷ್ಟು?"

ಮೇಡಂ ಬೇಸರಪಡಲಿಲ್ಲ. "ಒಂಬತ್ತು ವರ್ಷ ಆದ್ಮೇಲೆ ಮೂವತ್ತನಾಲ್ಕು ಸಾವಿರ. ಶುರುವಿನಲ್ಲಿ ಈಗ ಇಪ್ಪತ್ತು ಕೊಟ್ರೆ ದೊಡ್ಡದು. ಸಾಲ ತೀರೋಕೆ ನಂಗೆ ಏಳು ವರ್ಷ ಹಿಡೀತು." ಆಮೇಲೆ ತುಟಿ ಸರಿಸಿ ತೋರಿಸಿದರು. "ಇಲ್ಲಿ ಒಂದು ದವಡೆ ಹಲ್ಲಿಲ್ಲ, ನೋಡಿ. ಉಳಿಸಿಕೊಳ್ಳೋಕೆ ದುಡ್ಡು ಜಾಸ್ತಿ, ಕೀಳಿಸೋಕೆ ಕಡಿಮೆ. ಆ ತಿಂಗಳು ಕಂತು ಕಟ್ಟಬೇಕಿತ್ತು."

"ಓದಿದ್ದು ತಪ್ಪಾಯ್ತು ಅನ್ಸಿದ್ಯಾ?"

"ತಿಂಗಳ ಕೊನೆಗೆ ಅನ್ಸುತ್ತೆ" ಎಂದು ಮೇಡಂ ನಕ್ಕರು. ಚೀಟಿಯಕ್ಕನಿಗೆ ನಗು ಬರಲಿಲ್ಲ.

ಆಗ ಅವಳಿಗೆ ಬರುತ್ತಿದ್ದದ್ದು ಹದಿನಾರು ಸಾವಿರ. ಓದಿ ಇಪ್ಪತ್ತು ಸಿಕ್ಕಿ, ಅದರಲ್ಲಿ ಎಂಟು ಕಂತಿಗೆ ಹೋದರೆ ಉಳಿಯುವುದು ಹನ್ನೆರಡು. ಎರಡು ವರ್ಷ ಸಂಬಳವೇ ಇಲ್ಲದಿರುವುದು ಬೇರೆ. ಅದನ್ನು ಗಂಡನ ಮುಂದಿಟ್ಟಾಗ ಅವನು ಚೀಟಿಯನ್ನು ಎರಡು ಸಲ ಓದಿದ.

"ಓದದೆ ಇದ್ರೆ ಹದಿನಾರು, ಓದಿದ್ರೆ ಹನ್ನೆರಡು. ಇದ್ಯಾವ ಸೀಮೆ ಓದು?" ಎಂದ. ಚೀಟಿಯನ್ನು ಮಡಚಿ ವಾಪಸು ಕೊಟ್ಟು, "ಬೇಡ ಅಂತಿಲ್ಲ. ಜಾಮೀನಿಗೆ ಸಹಿ ಹಾಕ್ತೀನಿ. ಆದ್ರೆ ಒಂದೇ ಸಂಬಳದಲ್ಲಿ ನಾಲ್ಕು ಹೊಟ್ಟೆ. ನಂಗೆ ಭಯ ಆಗುತ್ತೆ ಕಣೆ" ಎಂದ. ಭಯ ಎಂಬ ಮಾತನ್ನು ಅವನ ಬಾಯಲ್ಲಿ ಅವಳು ಕೇಳಿದ್ದು ಅದೇ ಮೊದಲು. ಅವನು ಬೈದಿದ್ದರೂ ಅವಳು ಇಷ್ಟು ಕುಗ್ಗುತ್ತಿರಲಿಲ್ಲ.

ಅತ್ತೆ ಮಾತ್ರ ಬಟ್ಟೆ ಮಡಚುತ್ತಾ, "ಜನರ ಕಷ್ಟ ಕೇಳೋದು ಕಲಿಯೋಕೆ ನಾಲ್ಕು ಲಕ್ಷನಾ? ಇಲ್ಲಿ ಕೂತ್ಕೋ, ನನ್ನ ಕಷ್ಟ ಪುಕ್ಕಟೆ ಹೇಳ್ತೀನಿ" ಎಂದರು.

ಬ್ಯಾಂಕಿನಲ್ಲಿ ಅರ್ಜಿಯ ಮೂರನೇ ಪುಟದಲ್ಲಿ ಒಂದು ಪ್ರಶ್ನೆಯಿತ್ತು: ಓದಿದ ನಂತರ ನಿರೀಕ್ಷಿತ ಸಂಬಳ. ಸಾಲದ ಅಧಿಕಾರಿ ದನಿ ತಗ್ಗಿಸಿದ. "ಮೂವತ್ತೈದು ಅಂತ ಹಾಕಿ. ಎಲ್ರೂ ಹಾಗೇ ಬರೀತಾರೆ. ಇಪ್ಪತ್ತು ಅಂದ್ರೆ ಎರಡು ಲಕ್ಷದ ಮೇಲೆ ಮಂಜೂರಾಗಲ್ಲ."

ಅವಳು ಪೆನ್ನು ಕೈಗೆತ್ತಿಕೊಂಡಳು. ಮೂವತ್ತೈದು ಬರೆದರೆ ಸೀಟು ಉಳಿಯುತ್ತದೆ, ಕಂತು ಕಟ್ಟಬೇಕಾದ್ದು ಮಾತ್ರ ಇಪ್ಪತ್ತರ ಸಂಬಳದಲ್ಲೇ. ಅವಳು ಇಪ್ಪತ್ತು ಎಂದೇ ಬರೆದಳು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಾಗ, ಬಂದ ಭಾಗ್ಯವನ್ನು ಕೈಯಾರೆ ಹಾಳುಮಾಡಿಕೊಂಡೆ ಅನ್ನಿಸಿತು.

ಸೀಟು ಬೇಡವೆಂದು ಬರೆದುಕೊಡಲು ಕಾಲೇಜಿಗೆ ಹೋದಳು. ಅಲ್ಲಿನ ಗುಮಾಸ್ತೆ ಪತ್ರ ಓದಿ, "ಬೆಳಗಿನ ತಂಡ ಇದೆಯಲ್ಲ, ಕೆಲಸದವರಿಗೆ ಅಂತ. ಮೂರು ವರ್ಷ ಆಗುತ್ತೆ, ಅಷ್ಟೇ. ಯಾರೂ ಹೇಳಲಿಲ್ವಾ?" ಎಂದಳು. ಯಾರೂ ಹೇಳಿರಲಿಲ್ಲ. ಬೆಳಿಗ್ಗೆ ಕಾಲೇಜು, ಪಾಳಿ ಬದಲಿಸಿಕೊಂಡರೆ ಮಧ್ಯಾಹ್ನದಿಂದ ರಾತ್ರಿಯವರೆಗೆ ಕಿಟಕಿ. ಸಂಬಳ ತಪ್ಪದು, ಉಳಿದ ಖರ್ಚು ಅದರಲ್ಲೇ ತೂಗಿಸಿದರೆ ಎರಡು ಲಕ್ಷದ ಸಾಲ ಸಾಕು. ಕಂತು ನಾಲ್ಕು ಸಾವಿರ.

"ಓದಿದ್ರೂ ಹದಿನಾರೇ ಉಳಿಯುತ್ತೆ" ಎಂದು ಗಂಡ ಲೆಕ್ಕ ಮುಗಿಸಿದ. ಸಹಿ ಹಾಕಿದ.

ಮೂರು ವರ್ಷ ಅವಳು ಮಗಳನ್ನು ಎಚ್ಚರವಾಗಿ ನೋಡಿದ್ದೇ ಕಡಿಮೆ. ಒಂದು ಪತ್ರಿಕೆಯಲ್ಲಿ ಫೇಲಾಗಿ ಮತ್ತೆ ಫೀಸು ಕಟ್ಟಿದಳು. ಅಷ್ಟರಲ್ಲಿ ಪಕ್ಕದ ಕಿಟಕಿಯವಳು ಮೇಲ್ವಿಚಾರಕಿಯಾಗಿ, ಒಂದು ಕಾಸು ಸಾಲವಿಲ್ಲದೆ ಇಪ್ಪತ್ತನಾಲ್ಕು ಸಾವಿರಕ್ಕೆ ಏರಿದ್ದಳು. ಅವಳು ಹಂಚಿದ ಸಿಹಿಯನ್ನು ಚೀಟಿಯಕ್ಕ ನಗುತ್ತಲೇ ತಿಂದು, ಶೌಚಾಲಯಕ್ಕೆ ಹೋಗಿ ಮುಖ ತೊಳೆದುಕೊಂಡು ಬಂದಳು.

ಈಗ ಅವಳಿರುವುದು ಅಪಘಾತದಲ್ಲಿ ಕೈಕಾಲು ಕಳೆದುಕೊಂಡವರ ಪುನರ್ವಸತಿ ಕೇಂದ್ರದಲ್ಲಿ. ಸಂಬಳ ಇಪ್ಪತ್ತೊಂದು ಸಾವಿರ. ಒಂದು ವರ್ಷದ ಕರಾರು. ಅದು ಈ ತಿಂಗಳ ಕೊನೆಗೆ ಮುಗಿಯುತ್ತದೆ, ಮುಂದುವರಿಸುವ ಪತ್ರ ಇನ್ನೂ ಬಂದಿಲ್ಲ. ಕಚೇರಿಯಲ್ಲಿ ಕೇಳಿದರೆ, "ನೋಡೋಣ" ಎನ್ನುತ್ತಾರೆ. ಕಂತಿಗೆ ಇನ್ನೂ ಆರು ವರ್ಷ ಬಾಕಿ.

ನಿನ್ನೆ ಒಬ್ಬ ಲಾರಿ ಡ್ರೈವರ್‌ನನ್ನು ಮನೆಗೆ ಕಳಿಸಬೇಕಿತ್ತು. ಗಾಲಿಕುರ್ಚಿ ಅವನ ಮನೆಯ ಬಾಗಿಲಲ್ಲಿ ಹಿಡಿಸುತ್ತದೋ ಇಲ್ಲವೋ ಯಾರೂ ನೋಡಿರಲಿಲ್ಲ. ಹೋಗಿ ಅಳೆದು ಬರಲು ಬಸ್ ಚಾರ್ಜು ಕೊಡುತ್ತೀರಾ ಎಂದು ಅವಳು ಲೆಕ್ಕದ ಮೇಜಿನವರನ್ನು ಕೇಳಿದಳು. ಈ ತಿಂಗಳಿನದು ಮುಗಿಯಿತು ಎಂದರು. ಕೈಚೀಲಕ್ಕೆ ಅಳತೆ ಟೇಪು ಹಾಕಿಕೊಂಡು ತನ್ನ ದುಡ್ಡಿನಲ್ಲೇ ಟಿಕೆಟ್ ತೆಗೆದುಕೊಂಡು ಹೋದಳು. ಬಾಗಿಲು ನಾಲ್ಕು ಬೆರಳು ಕಿರಿದಾಗಿತ್ತು. ಮನೆ ಮಾಲೀಕನನ್ನು ಹೊರಗೆ ಕರೆದು, ಚೌಕಟ್ಟು ಕೀಳುವ ಮಾತು ಶುರುಮಾಡಿದಳು.