ಟ್ಯಾಲಿನ್‌ನಲ್ಲಿ ಒಂದು ಶನಿವಾರ

ಇಂಥದ್ದನ್ನು ಬೇರೆಯವರು ಹೇಳಿದಾಗ ತಲೆಯಾಡಿಸಿ ಕೇಳಿ, ಮನೆಗೆ ಬಂದು ನಕ್ಕವಳು ನಾನು. ನೀವೂ ನಗಬಹುದು, ಬೇಸರವಿಲ್ಲ. ಕಂಡಷ್ಟನ್ನು, ಕೇಳಿದಷ್ಟನ್ನು ಮಾತ್ರ ಬರೆಯುತ್ತೇನೆ.

ಅಮೆರಿಕದಲ್ಲಿ ನಮ್ಮ ಮನೆ ಡಿಯರ್‌ಬಾರ್ನ್ ಹತ್ತಿರ. ನನ್ನ ಗಂಡ ರಘು ಕಾರು ಕಂಪನಿಯಲ್ಲಿ ಎಂಜಿನಿಯರ್; ಕೆಲಸದ ಮೇಲೆ ಆಗಾಗ ಜರ್ಮನಿಗೆ ಹೋಗಿಬರುತ್ತಾರೆ. ಆ ವರ್ಷ ರಜೆಗೆ ಎಸ್ಟೋನಿಯಾ ಎಂದವರು ಅವರೇ. "ಪ್ಯಾರಿಸ್‌ಗೆ ಎಲ್ರೂ ಹೋಗ್ತಾರೆ ಕಣೆ. ಇದನ್ನ ಯಾರೂ ಕೇಳೇ ಇರಲ್ಲ. ನಾನೂ ನೋಡಿಲ್ಲ," ಎಂದರು.

ರಾಜಧಾನಿ ಟ್ಯಾಲಿನ್‌ನ ಹಳೆಯ ಊರು ಕೋಟೆಗೋಡೆಯ ಒಳಗಿದೆ. ಕಲ್ಲುಹಾಸಿನ ಓಣಿಗಳು, ಕೆಂಪು ಹೆಂಚು, ಚೂಪು ಗೋಪುರಗಳು. ಅಲ್ಲಿ ಒಬ್ಬ ಅಜ್ಜಿ ಬಾಡಿಗೆಗೆ ಕೊಡುವ ಕೋಣೆಯಲ್ಲಿ ಇಳಿದುಕೊಂಡೆವು. ಶುಕ್ರವಾರ ಸಂಜೆ ಬೀಗದ ಕೈ ಕೊಟ್ಟವಳು ಅವರ ಮಗಳು. ಅಜ್ಜಿ ನಮ್ಮೆದುರಿಗೆ ಬಂದದ್ದು ಮರುದಿನ ಬೆಳಗಿನ ತಿಂಡಿಯ ಹೊತ್ತಿಗೆ.

ಅಂದು ಶನಿವಾರ. ತವರಿನ ರೂಢಿಯಂತೆ ಶನಿವಾರ ನನಗೆ ಒಪ್ಪೊತ್ತು; ಬೆಳಿಗ್ಗೆ ಹಾಲು, ಹಣ್ಣು ಅಷ್ಟೇ. ಅಜ್ಜಿ ರಘು ಮುಂದೆ ಬ್ರೆಡ್ಡು, ಮೊಟ್ಟೆ ಇಟ್ಟರು. ನಾನು ಬಾಯಿ ತೆರೆಯುವ ಮೊದಲೇ ನನ್ನ ಮುಂದೆ ಹಾಲು, ಸೇಬು ಇಟ್ಟು, "ಶನಿವಾರ ಅಲ್ಲವೇ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ರೀ, ನೀವು ಹೇಳಿದ್ರಾ?"

"ನಾನ್ಯಾವಾಗ ಹೇಳ್ಲಿ? ನಿನ್ ಜೊತೇಲೇ ಇಳ್ಕೊಂಡ್ ಬಂದ್ನಲ್ಲ."

ಅಜ್ಜಿ ನನ್ನ ಎಡಗೈ ಹಿಡಿದು ಮಗುಚಿದರು. ಅಲ್ಲಿ, ಅದೇ ವರ್ಷದ ಯುಗಾದಿಗೆ ಒಬ್ಬಟ್ಟು ಬೇಯಿಸುವಾಗ ಕಾವಲಿ ತಗುಲಿ ಸುಟ್ಟ ಗುರುತಿದೆ. "ಹೋದ ಸಲ ಬಟ್ಟೆ ಕಟ್ಟಿಕೊಂಡಿದ್ದಿರಿ. ಚೆನ್ನಾಗಿ ವಾಸಿಯಾಗಿದೆ," ಎಂದರು. ನಾನು ಇಲ್ಲಿಗೆ ಬಂದೇ ಇಲ್ಲ ಎಂದೆ. ಅವರು ಮೆಲ್ಲಗೆ ನಕ್ಕರು. "ಎರಡು ವರ್ಷದ ಹಿಂದೆ ಇದೇ ಕುರ್ಚಿಯಲ್ಲಿ ಕೂತಿದ್ದಿರಿ, ನಿಮ್ಮ ಗಂಡ ಏನೋ ಹೇಳಿ ಎದ್ದು ಹೋದರು, ನೀವು ಅಳುತ್ತಿದ್ದಿರಿ, ನಾನು ಪಕ್ಕದಲ್ಲೇ ಇದ್ದೆ," ಎಂದರು.

ರಘುವನ್ನು ನೋಡಿದೆ. ಅವರು ಮೊಟ್ಟೆಗೆ ಉಪ್ಪು ಉದುರಿಸುತ್ತಿದ್ದರು, ಉದುರಿಸುತ್ತಲೇ ಇದ್ದರು. "ಅಜ್ಜಿಗೆ ಅರಳು ಮರಳು ಕಣೆ," ಎಂದರು, ತಲೆ ಎತ್ತದೆ.

ಮನೆಗೆ ಬಂದ ಮೇಲೆ ಅವರ ಪಾಸ್‌ಪೋರ್ಟ್ ತೆಗೆದು ನೋಡಿದೆ. ಜರ್ಮನಿಯ ಮುದ್ರೆಗಳಿದ್ದವು. ಜರ್ಮನಿಯಿಂದ ಎಸ್ಟೋನಿಯಾಕ್ಕೆ ಹೋದರೆ ಬೇರೆ ಮುದ್ರೆ ಬೀಳುವುದಿಲ್ಲವಂತೆ. ಯಾರನ್ನೋ ಕರೆದುಕೊಂಡು ಹೋಗಿದ್ದರು ಎನ್ನೋಣವೆಂದರೆ, ಅವಳಿಗೂ ಶನಿವಾರದ ಒಪ್ಪೊತ್ತು, ಅದೇ ಕೈಗೆ ಗಾಯ ಎಲ್ಲಿಂದ ಬಂತು? ಹೋಗಿರಲಿಲ್ಲ ಎನ್ನೋಣವೆಂದರೆ, ಆಗಿನ್ನೂ ಆಗಿರದ ನನ್ನ ಗಾಯವನ್ನು ಅಜ್ಜಿ ಕಂಡದ್ದು ಹೇಗೆ? ಇವತ್ತಿಗೂ ತಿಳಿದಿಲ್ಲ. ಇವರು ಏನು ಹೇಳಿದ್ದಕ್ಕೆ ನಾನು ಅತ್ತೆ ಎಂದು ಅಜ್ಜಿಯನ್ನು ಕೇಳಬೇಕಿತ್ತು. ಧೈರ್ಯ ಬರಲಿಲ್ಲ.

ಹೋದ ತಿಂಗಳು ಡೆಸ್ ಪ್ಲೇನ್ಸ್ ಎಂಬ ಊರಿನಲ್ಲಿರುವ ಸ್ನೇಹಿತರ ಮನೆಗೆ ಊಟಕ್ಕೆ ಹೋಗಿದ್ದೆವು. ಅವರ ಮಗಳು, "ಅಂಕಲ್, ನಾವೂ ಎಸ್ಟೋನಿಯಾ ಪ್ಲ್ಯಾನ್ ಮಾಡ್ತಿದೀವಿ. ಹೇಗಿದೆ?" ಎಂದು ಕೇಳಿದಳು.

"ಮೊದಲ್ನೇ ಸಲ ಚೆನ್ನಾಗಿರತ್ತಮ್ಮ," ಎಂದರು ರಘು. "ಎರಡ್ನೇ ಸಲ ಹೋದ್ರೆ ಬೋರು."

ಎಲ್ಲರೂ ನಕ್ಕರು. ನಾನು ರಘು ತಟ್ಟೆಗೆ ಸಾರು ಬಡಿಸುತ್ತಿದ್ದೆ. ಸೌಟು ನಿಲ್ಲಿಸದೆ ಪೂರ್ತಿ ಬಡಿಸಿದೆ.