ಸುಂದರವ್ವ ಹಾಡಿ ಅತ್ತದ್ದು

ಸಂಪಗಾಂವದ ಸುಂದರವ್ವ ಯಾರ ಮನೆಯ ಸಾವಿಗೆ ಹೋದರೂ ಹಾಡಿಕೊಂಡು ಅಳುತ್ತಿದ್ದಳು. ನಮ್ಮ ಕಡೆಯ ಹೆಂಗಸರು ಅಳುವುದೇ ಹಾಗೆ, ಆದರೆ ಎಲ್ಲರಿಗೂ ಅದು ಕೂಡಿಬರುವುದಿಲ್ಲ. ಆಕೆ ಹೆಣದ ಮುಂದೆ ಕುಳಿತು ತಲೆಯ ಮೇಲೆ ಸೆರಗೆಳೆದುಕೊಂಡರೆ ಸಾಕು, ಸತ್ತವರು ಹುಟ್ಟಿದ್ದು, ದುಡಿದದ್ದು, ಬೈಸಿಕೊಂಡದ್ದು ಎಲ್ಲ ಹಾಡಾಗಿ ಬರುತ್ತಿತ್ತು. ಎಂದೂ ಅಳದ ಗಂಡಸರೂ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದರು. ಸಂಜೆ ಮನೆಗೆ ಬಂದು ಮೈ ತೊಳೆದುಕೊಂಡು ಎಮ್ಮೆ ಹಿಂಡಲು ಕೂಡುತ್ತಿದ್ದಳು.

ಆ ಅಳುವಿಗೊಂದು ಕಟ್ಟಳೆ ಇತ್ತು. ಹಾಡಿನಲ್ಲಿ ಯಾರನ್ನು ಬೇಕಾದರೂ ಹೆಸರು ಹಿಡಿದು ಬಯ್ಯಬಹುದು. ಗಂಡ, ಅತ್ತೆ, ದೇವರು, ಯಾರನ್ನೂ ಬಿಡಬೇಕಾಗಿಲ್ಲ. ತಿರುಗಿ ಯಾರೂ ಮಾತಾಡುವಂತಿಲ್ಲ, ಹೆಣ ಎತ್ತಿದ ಮೇಲೆ ಆ ಮಾತನ್ನು ಮತ್ತೆ ತೆಗೆಯುವಂತಿಲ್ಲ. ನಾನು ಬೈಲಹೊಂಗಲದಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿದವಳು, ಎಲ್ಲರ ಬಾಯಲ್ಲಿ ವರದಾ ಅಕ್ಕೋರು. ಹಾಡು ಕೂಡಿಹಾಕುವ ಹುಚ್ಚು ನನಗೆ. ಈ ಕಟ್ಟಳೆ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ.

ಸುಂದರವ್ವನ ಒಬ್ಬಳೇ ಮಗಳು ಕಸ್ತೂರಿ ನನ್ನ ಹತ್ತಿರ ಓದಿದವಳು. ಆಕೆಯನ್ನು ರಾಮದುರ್ಗಕ್ಕೆ ಕೊಟ್ಟಿದ್ದರು. ಎರಡು ವರ್ಷದ ಹಿಂದೆ, ಶ್ರಾವಣ ಮುಗಿಯುವ ಹೊತ್ತಿಗೆ ಜ್ವರ ಬಂತು. ಆಸ್ಪತ್ರೆಗೆ ಒಯ್ಯುವುದು ತಡವಾಗಿ ತೀರಿಕೊಂಡಳು. ಸುದ್ದಿ ಬಂದಾಗ ಸುಂದರವ್ವನ ಜೊತೆ ನಾನೂ ಹೋದೆ. ಕಸ್ತೂರಿಯ ಏಳು ವರ್ಷದ ಮಗಳು ಮಧುವನ್ನು ನೆರೆಮನೆಯಲ್ಲಿ ಕೂಡಿಸಿದ್ದರು. ಕಸ್ತೂರಿಯನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿ, ವಿಭೂತಿ ಹಚ್ಚಿ, ಹೂಮಾಲೆ ಹಾಕಿದ್ದರು. ಸುಂದರವ್ವ ಎದುರು ಕುಳಿತು ಹಾಡು ಎತ್ತಿಕೊಂಡಳು:

"ಹತ್ತ ದಿನದ ಜ್ವರದಾಗ ರೊಟ್ಟಿ ಬಡದ್ಯಲ್ಲ ಮಗಳ,
ಒಲಿ ಮುಂದಿನ ಕಾವಂತ ಅಂದ್ರು ಮನಿಮಂದಿ,
ಮೈ ಮುಟ್ಟಿ ನೋಡವರ ಇರಲಿಲ್ಲ ನನ್ನವ್ವ..."

ಕಸ್ತೂರಿಯ ಮಾವ ಮಡಿವಾಳೆಪ್ಪ ಬಾಗಿಲ ಬಳಿ ತಲೆ ತಗ್ಗಿಸಿ ನಿಂತು ಅಷ್ಟನ್ನೂ ಕೇಳಿದರು. ಮಣ್ಣು ಕೊಟ್ಟು ಬಂದ ಮೇಲೆ ಅವರೇ ಚಹಾ ತಂದು, "ಒಂದ ಗುಟುಕ ಕುಡೀರಿ, ಬೀಗತೇರ" ಎಂದರು. ಸುಂದರವ್ವ ಕುಡಿದಳು. ಕಟ್ಟಳೆ ಎಂದರೆ ಅದು.

ಆದರೆ ನಾನು ಎದೆಯ ಹತ್ತಿರ ಫೋನು ಹಿಡಿದು ಅಷ್ಟನ್ನೂ ವಿಡಿಯೋ ಮಾಡಿಕೊಂಡಿದ್ದೆ. ಮನೆಯಲ್ಲಿ ಒಬ್ಬಳೇ ಕೂತು ಕೇಳಿ ಕೇಳಿ ಅತ್ತೆ. ಇಂಥ ಹಾಡು ಹಾಳಾಗಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ತಿಂಗಳ ಮೇಲೆ ಸಂಪಗಾಂವಕ್ಕೆ ಹೋಗಿ, "ಯೂಟ್ಯೂಬಿಗೆ ಹಾಕಲೇನವ್ವಾ, ನಾಕ ಮಂದಿ ಕೇಳಲಿ" ಎಂದು ಕೇಳಿದೆ. ದನದ ಕೊಟ್ಟಿಗೆಯಲ್ಲಿ ಸಗಣಿ ಬಳಿಯುತ್ತಿದ್ದ ಆಕೆ ತಲೆ ಎತ್ತದೆ, "ನಿಮಗ ತಿಳದಂಗ ಮಾಡ್ರಿ ಅಕ್ಕೋರ" ಎಂದಳು. ಮಗಳನ್ನು ಮಣ್ಣು ಮಾಡಿ ತಿಂಗಳಾಗಿದ್ದವಳ ಆ ಮಾತನ್ನೇ ಒಪ್ಪಿಗೆ ಎಂದುಕೊಂಡೆ. ವಿಡಿಯೋ ಹಾಕಿದ ಎರಡೇ ವಾರದಲ್ಲಿ ಕಿತ್ತೂರು, ಸವದತ್ತಿ, ಎಲ್ಲೆಲ್ಲಿಯದೋ ಜನ ಕಣ್ಣೀರು ಬಂತು ಎಂದು ಬರೆದರು. ನಾನು ಉಬ್ಬಿಹೋದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ರಾಮದುರ್ಗದ ಜನವೂ ನೋಡಿತು. ಮಡಿವಾಳೆಪ್ಪನವರು ಮಧುವನ್ನು ಸಂಪಗಾಂವಕ್ಕೆ ಕಳಿಸುವುದನ್ನೇ ಬಿಟ್ಟರು. ದಸರೆಯ ರಜೆ ಹೋಯಿತು, ದೀಪಾವಳಿ ಹೋಯಿತು, ಬೇಸಿಗೆ ರಜೆಯೂ ಹೋಯಿತು. ಸುಂದರವ್ವ ಎರಡು ಸಲ ಅಲ್ಲಿಗೆ ಹೋಗಿ ಮೊಮ್ಮಗಳ ಮುಖ ಕಾಣದೆ ತಿರುಗಿ ಬಂದಳು. ನಾನು ವಿಡಿಯೋ ತೆಗೆದುಹಾಕಿದೆ, ಆದರೆ ಅಷ್ಟರಲ್ಲಿ ಅದು ಎಷ್ಟೋ ಜನರ ಫೋನು ಸೇರಿತ್ತು. ಕಡೆಗೆ ಕೈಮುಗಿಯಲೆಂದು ನಾನೇ ರಾಮದುರ್ಗಕ್ಕೆ ಹೋದೆ.

"ಅವತ್ತ ಮನ್ಯಾಗ ನಿಂತು ಕೇಳೇನ್ರಿ ಅಕ್ಕೋರ," ಎಂದರು ಮಡಿವಾಳೆಪ್ಪ. "ತಪ್ಪ ನಮ್ಮದಿತ್ತು, ಕೇಳಿದೆ. ಈಗ ದಿನಾ ಚಹಾದಂಗಡ್ಯಾಗ ಕೇಳಬೇಕೇನು? ನನ್ನ ಮಗನ್ನ ನೋಡಿ ಮಂದಿ ರೊಟ್ಟಿ ಬಡದಂಗ ಕೈ ಮಾಡಿ ತೋರಸ್ತಾರ. ಹಾಡಿದ್ದು ಸುಳ್ಳ ಅಂತ ಬೀಗತೇರ ತಮ್ಮ ಬಾಯಿಲೇ ಹೇಳ್ಲಿ. ನೀವ ವಿಡಿಯೋ ಹಿಡೀರಿ, ನೀವ ಹಾಕ್ರಿ. ಆಮ್ಯಾಲೆ ಹುಡುಗೀನ ಕಳಸತೇನಿ."

ತಪ್ಪು ಒಪ್ಪಿಕೊಂಡ ಬಾಯಲ್ಲೇ ಈ ಮಾತು! ನನಗೆ ಮೈ ಉರಿಯಿತು, ಆದರೆ ಯಾವ ಮುಖ ಹೊತ್ತು ಎದುರಾಡಲಿ? ಸಂಪಗಾಂವಕ್ಕೆ ಬಂದು ಸುಂದರವ್ವನಿಗೆ ಎಲ್ಲ ಹೇಳಿ, "ಖರೇ ಮಾತನ್ನ ಸುಳ್ಳ ಅನಬ್ಯಾಡವ್ವಾ, ಕಸ್ತೂರಿಗೆ ಅನ್ಯಾಯ ಆಗ್ತದ" ಎಂದೆ.

"ಅನ್ಯಾಯ ಆಗೂದು ಆಗಿ ಹೋತರಿ," ಎಂದಳು ಸುಂದರವ್ವ. "ಸತ್ತಾಕಿ ಸಲುವಾಗಿ ಹೇಳೂದೆಲ್ಲಾ ಅವತ್ತ ಹೇಳೇನಿ. ಈಗ ನನಗ ಇದ್ದಾಕಿ ಬೇಕು. ಹಿಡೀರಿ ಫೋನ."

ಆಕೆ ಸೀರೆ ಬದಲಿಸಿ ಬಂದು ಮನೆಯ ಕಟ್ಟೆಯ ಮೇಲೆ ಕುಳಿತಳು. "ನಾ ಹಾಡಿದ್ದೆಲ್ಲಾ ಸುಳ್ಳು. ನನ್ನ ಮಗಳನ್ನ ಆ ಮನ್ಯಾಗ ಭಾಳ ಚೊಲೋ ನೋಡ್ಕೊಂಡ್ರು" ಎಂದಳು. ಅದೇ ಹೊತ್ತಿಗೆ ಓಣಿಯಲ್ಲಿ ಟ್ರ್ಯಾಕ್ಟರ್ ಹೋಗಿ ಕೊನೆಯ ಮಾತು ಕೇಳಿಸಲಿಲ್ಲ.

"ಇನ್ನೊಮ್ಮೆ ಹೇಳವ್ವಾ" ಎಂದೆ. ಹೌದು, ನಾನೇ ಎಂದೆ. ಆಕೆ ಇನ್ನೊಮ್ಮೆ ಹೇಳಿದಳು.

ಆ ವಿಡಿಯೋ ಹಾಕಿದ ಮೇಲೆ ಮಡಿವಾಳೆಪ್ಪನವರು ಮಾತು ಉಳಿಸಿಕೊಂಡರು. ಪಂಚಮಿಗೆ ಮಧು ಬಂದಳು. ನಾನು ನೋಡಲು ಹೋದಾಗ ಸುಂದರವ್ವ ಅವಳನ್ನು ಮುಂದೆ ಕೂಡಿಸಿಕೊಂಡು ತಲೆ ಬಾಚುತ್ತಿದ್ದಳು. ಹೆಚ್ಚುಕಡಿಮೆ ವರ್ಷದ ಮೇಲೆ ಆಕೆಯ ಮುಖದಲ್ಲಿ ಗೆಲುವು ಕಂಡೆ.

"ಆಯಿ," ಎಂದು ಅಜ್ಜಿಯನ್ನು ಕರೆಯಿತು ಹುಡುಗಿ, "ನೀ ಫೋನಿನ್ಯಾಗ ಹೇಳಿದ್ದು ಅಜ್ಜ ತೋರಿಸ್ಯಾನ. ಮೊದಲ ಹಾಡಿದ್ದು ಮಾತ್ರ ತೋರಸ್ಲಿಲ್ಲ. ನಮ್ಮವ್ವನ ಮ್ಯಾಲೆ ಏನಂತ ಸುಳ್ಳ ಹಾಡಿದ್ದಿ?"

ಸುಂದರವ್ವನ ಕೈ ನಿಂತಿತು.

"ನೆನಪಿಲ್ಲವ್ವಾ" ಎಂದು ಹೇಳಿ ಆಕೆ ಮತ್ತೆ ಬಾಚತೊಡಗಿದಳು.